ಇಂಟು ಮಾರ್ಕ್ ಹಾಕಿದ ಜಾಗ

ಲಿಫ್ಟಿನ ಮುಂದಿನ ಸಾಲು ಹೊರಬಾಗಿಲು ಮುಟ್ಟಿದೆ. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ನೀವು ಮೆಟ್ಟಿಲು ಹತ್ತತೊಡಗುತ್ತೀರಿ. ಕೆಂಪೇಗೌಡ ರಸ್ತೆಯ ಬಸ್ಸುಗಳ ಹಾರ್ನು ಎರಡು ಮಹಡಿ ಬೆನ್ನು ಹತ್ತಿ ಬಂದು ಆಮೇಲೆ ಕೈಬಿಡುತ್ತದೆ. ಏಪ್ರಿಲ್ ತಿಂಗಳ ಸೆಕೆ. ಕರಿಕೋಟಿನ ಒಳಗೆ ಬೆನ್ನ ನಡುವೆ ಬೆವರಿನ ಎಳೆಯೊಂದು ನಿಧಾನ ಇಳಿಯುತ್ತಿದೆ. ಕೊರಳಿನ ಬಿಳಿ ಬ್ಯಾಂಡು ಒದ್ದೆಯಾಗಿ ಗಂಟಲಿಗೆ ಅಂಟಿದೆ. ಹೊಟ್ಟೆಯಲ್ಲಿ ಬೆಳಗಿನ ಕಾಫಿ ಬಿಟ್ಟರೆ ಏನಿಲ್ಲ. ವಾದವಿರುವ ದಿನ ನಿಮಗೆ ಇಡ್ಲಿ ಇಳಿಯುವುದಿಲ್ಲ.

ಹಿಂದಿನಿಂದ ಸಿಳ್ಳೆಯಂಥ ಉಸಿರು ಕೇಳುತ್ತದೆ. ತಿರುಗಿದರೆ ನಿಮ್ಮ ಕಕ್ಷಿದಾರರು, ಅರ್ಧ ಮಹಡಿ ಕೆಳಗೆ. ಒಂದು ಮೊಣಕೈಗೆ ಯಾರದೋ ಮದುವೆಯ ಹೆಸರು ಅಚ್ಚಾದ ಬಟ್ಟೆಚೀಲ ತೂಗುತ್ತಿದೆ. ಎರಡೂ ಕೈಯಲ್ಲಿ ನಿಮ್ಮ ಕೇಸಿನ ಕಟ್ಟು. ಎಡಗೈ ಕೆಳಗೆ, ಬಲಗೈ ಮೇಲೆ, ಒಂದು ಹಾಳೆಯೂ ಅಲುಗದ ಹಾಗೆ.

“ಇಲ್ಲಿ ಕೊಡಿ ಯಜಮಾನ್ರೇ, ನಿಮಗೆ ದಮ್ಮು ಬರ್ತಿದೆ.”

“ಬ್ಯಾಡಿ ಸಾರ್. ಫೈಲು ಹೊರೋದು ನಂಗೇನು ಹೊಸದಾ?”

ಹೊಸದಲ್ಲ. 1987ರಿಂದ 2021ರವರೆಗೆ ಅವರು ಸರ್ಕಾರಿ ಕಚೇರಿಯೊಂದರಲ್ಲಿ ಜವಾನರು. ಈ ಮೇಜಿನಿಂದ ಆ ಮೇಜಿಗೆ, ತಾಲ್ಲೂಕಿನಿಂದ ಜಿಲ್ಲೆಗೆ 34 ವರ್ಷ ಕಡತ ಹೊತ್ತಿದ್ದಾರೆ. ಒಂದನ್ನೂ ಬಿಚ್ಚಿ ಓದಿದವರಲ್ಲ. ಹೊರುವುದು ಅವರ ಕೆಲಸ, ಓದುವುದು ಬೇರೆಯವರದು.

ರಾತ್ರಿ ಚಳ್ಳಕೆರೆ ಕಡೆಯಿಂದ ಹೊರಟು ಬಸ್ಸಿನಲ್ಲೇ ಕೂತು ನಿದ್ದೆಗೆಟ್ಟು ಬಂದಿದ್ದಾರೆ. ಬೆಳಿಗ್ಗೆ ನಿಮ್ಮ ಕಚೇರಿಯಲ್ಲಿ ಕುರ್ಚಿ ತೋರಿಸಿದಾಗ ಅದರ ಬೆನ್ನು ಹಿಡಿದು ನಿಂತೇ ಇದ್ದರು. ಚೀಲದಿಂದ ಎರಡು ಸೇರು ಶೇಂಗಾ ತೆಗೆದು ಮೇಜಿನ ಮೂಲೆಯಲ್ಲಿಟ್ಟು, ಇಡೀ ದಾರಿ ಉರು ಹಾಕಿಕೊಂಡು ಬಂದಂತಿದ್ದ ಮಾತು ಹೇಳಿದರು.

“ಸಾರ್, ಕಟ್ಟಿಬಿಡ್ತೀನಿ. ಕಂತಿನ ಮೇಲೆ ಹಿಡ್ಕೊಳ್ಲಿ. ಸಾಯೋತನಕ ಹಿಡಿದ್ರೆ ತೀರೋದಿಲ್ವಾ?”

ಮೊತ್ತ 71,840 ರೂಪಾಯಿ. ಈ ಕಟ್ಟಡದಲ್ಲಿ ಅದು ಯಾರ ಹುಬ್ಬನ್ನೂ ಏರಿಸುವ ಸಂಖ್ಯೆಯಲ್ಲ. ಆದರೆ ಅವರ ಮನೆಯ ಹಿತ್ತಿಲಲ್ಲಿ ಅರ್ಧ ಎದ್ದ ಕೋಣೆಯೊಂದಿದೆ. ಗ್ರಾಚ್ಯುಟಿ ಬಂದಾಗ ಮೋಲ್ಡ್ ಹಾಕಿಸಬೇಕೆಂದು ನಿಲ್ಲಿಸಿದ ಕಂಬಗಳ ಕಬ್ಬಿಣ ನಾಲ್ಕು ಮಳೆಗಾಲ ನೆನೆದು ತುಕ್ಕು ಹಿಡಿದಿದೆ. ಹೆಂಡತಿ ಅದರ ಮೇಲೆ ಸೀರೆ ಒಣಗಿಸುತ್ತಾರಂತೆ. ಸೀರೆಗೆಲ್ಲ ಕೆಂಪು ಕಲೆ.

ಮೇಲಿನ ಮಹಡಿ ಬರುತ್ತದೆ. ಕಂದಾಯ ಭವನದ ಈ ಭಾಗದಲ್ಲಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಕೂರುತ್ತದೆ. ರಾಜ್ಯ ಸರ್ಕಾರಿ ನೌಕರರ ಸಂಬಳ, ಬಡ್ತಿ, ಪಿಂಚಣಿಯ ತಕರಾರು ನೇರ ಹೈಕೋರ್ಟಿಗೆ ಹೋಗುವಂತಿಲ್ಲ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಪ್ರಕಾರ ಮೊದಲು ಹತ್ತಬೇಕಾದ ಮೆಟ್ಟಿಲು ಇದೇ, ಅದೂ ಆದೇಶವಾದ ಒಂದು ವರ್ಷದೊಳಗೆ. ಯಜಮಾನರು ನಿಮ್ಮಲ್ಲಿಗೆ ಬಂದಾಗ ಹನ್ನೊಂದು ತಿಂಗಳು ಕಳೆದಿತ್ತು. ಅಷ್ಟೂ ದಿನ ಅವರು ತಮ್ಮ ಹಳೆಯ ಕಚೇರಿಯ ಬಾಗಿಲಲ್ಲಿ, ತಾವೇ ಕೂರುತ್ತಿದ್ದ ಸ್ಟೂಲಿನ ಪಕ್ಕದಲ್ಲಿ ನಿಂತು ಕಾದಿದ್ದರು.

ಕೋರ್ಟ್ ಹಾಲಿನಲ್ಲಿ ಹಳೆಯ ಕಾಗದದ, ಗೋಂದಿನ, ಮೈಬೆವರಿನ ವಾಸನೆ. ನಿಮ್ಮದು ಪಟ್ಟಿಯಲ್ಲಿ 47ನೆಯದು. ಹಿಂದಿನ ಬೆಂಚಿನ ತುದಿಯಲ್ಲಿ ಯಜಮಾನರನ್ನು ಕೂರಿಸುತ್ತೀರಿ. ಅವರ ಕಣ್ಣು ಪೀಠದತ್ತ ಹೋಗುವುದಿಲ್ಲ, ದಫೇದಾರರ ಎದೆಯ ಮೇಲಿನ ದವಾಲಿಯತ್ತ ಹೋಗುತ್ತದೆ. “ಹಿತ್ತಾಳೆ ಬಿಲ್ಲೆ ಉಜ್ಜಿಲ್ಲ ಸಾರ್,” ಎಂದು ಪಿಸುಗುಟ್ಟುತ್ತಾರೆ.

ನೀವು ಕಣ್ಣು ಮುಚ್ಚಿ ಕೇಸನ್ನು ಮನಸ್ಸಿನಲ್ಲಿ ಮತ್ತೊಮ್ಮೆ ತಿರುವಿ ಹಾಕುತ್ತೀರಿ.

ದಾಖಲೆಯಲ್ಲಿ ಅವರ ಜನ್ಮದಿನ ಜೂನ್ 1. ಆ ತಲೆಮಾರಿನಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ರಂದೇ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ. ಹಾಗಾಗಿ 2021ರ ಮೇ 31ಕ್ಕೆ ನಿವೃತ್ತಿ. ಕೊರೊನಾ ಲಾಕ್‌ಡೌನಿನ ದಿನಗಳು. ಹಾರವಿಲ್ಲ, ಫೋಟೊ ಇಲ್ಲ, ಖಾಲಿ ಕಚೇರಿಗೆ ತಾವೇ ಬೀಗ ಹಾಕಿ ಬೀಗದ ಕೈ ಕೊಟ್ಟು ಮನೆಗೆ ನಡೆದರು. ಪಿಂಚಣಿ ಕಾಗದ ಸಿದ್ಧವಾಗುವಾಗ ಸೇವಾ ಪುಸ್ತಕದ ಪ್ರತಿ ಪುಟ ಮತ್ತೆ ಲೆಕ್ಕಕ್ಕೆ ಬರುತ್ತದೆ. ಆಗ ಹೊರಬಿತ್ತು: 2003ರಲ್ಲಿ ಯಾರೋ ಗುಮಾಸ್ತರು ಒಂದೇ ವಾರ್ಷಿಕ ವೇತನ ಬಡ್ತಿಯನ್ನು ಎರಡು ಸಲ ಬರೆದಿದ್ದರು. ಆ ತಪ್ಪು 18 ವರ್ಷ ಸಂಬಳದ ಜೊತೆಗೇ ಬೆಳೆದಿತ್ತು. 2022ರಲ್ಲಿ ಬಂದ ಆದೇಶಕ್ಕೆ ಒಂದೇ ಸಾಲು: ಹೆಚ್ಚು ಪಾವತಿಯಾದ ಹಣವನ್ನು ಗ್ರಾಚ್ಯುಟಿಯಿಂದ ವಸೂಲು ಮಾಡತಕ್ಕದ್ದು.

ಕಾನೂನು ನಿಮ್ಮ ಪರ ಇದೆ. ಪಿಂಚಣಿ ಭಿಕ್ಷೆಯಲ್ಲ, ದುಡಿದದ್ದರ ಫಲ ಎಂದು ಸುಪ್ರೀಂ ಕೋರ್ಟ್ ನಕಾರಾ ಪ್ರಕರಣದಲ್ಲಿ ಹೇಳಿದ್ದು 1982ರ ಡಿಸೆಂಬರ್ 17ರಂದು. ನಿವೃತ್ತರು ಆ ದಿನವನ್ನು ಪಿಂಚಣಿದಾರರ ದಿನವೆಂದು ಈಗಲೂ ಆಚರಿಸುತ್ತಾರೆ. ನಿಮಗೆ ಇವತ್ತು ಬೇಕಾದದ್ದು ಇನ್ನೊಂದು ತೀರ್ಪು, 2014ರ ಡಿಸೆಂಬರ್ 18ರ ರಫೀಕ್ ಮಸೀಹ್ ಪ್ರಕರಣ. ನೌಕರನ ತಪ್ಪಿಲ್ಲದೆ ಹೆಚ್ಚು ಸಂದಾಯವಾದ ಹಣವನ್ನು ಯಾರಿಂದ ವಸೂಲು ಮಾಡಬಾರದು ಎಂಬ ಪಟ್ಟಿ ಅದರಲ್ಲಿದೆ. ‘ಸಿ’ ಮತ್ತು ‘ಡಿ’ ದರ್ಜೆಯವರಿಂದ ಬೇಡ. ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಬೇಡ. ಐದು ವರ್ಷಕ್ಕೂ ಮೀರಿ ಕೊಡುತ್ತ ಬಂದಿದ್ದರೆ ಬೇಡ. ನಿಮ್ಮ ಯಜಮಾನರು ಮೂರಕ್ಕೂ ಸಲ್ಲುತ್ತಾರೆ. ಹತ್ತು ನಿಮಿಷದ ವಾದ.

“ಸ್ವಲ್ಪ ಹೊರಗೆ ಬರ್ತೀರಾ?”

ಭುಜದ ಮೇಲೆ ಸರ್ಕಾರಿ ವಕೀಲರ ಕೈ. ಒಳ್ಳೆಯ ಮನುಷ್ಯ. ಎಷ್ಟೋ ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯ ಚೌಚೌ ಬಾತ್ ತಿಂದಿದ್ದೀರಿ. ಕಾರಿಡಾರಿನಲ್ಲಿ ಅವರು ಒಂದು ಹಾಳೆ ಕೊಡುತ್ತಾರೆ. ಜೆರಾಕ್ಸಿನ ಬಿಸಿ ಇನ್ನೂ ಆರಿಲ್ಲ.

“ಇವತ್ತು ಬೆಳಿಗ್ಗೆ ಇಲಾಖೆಯವರು ತಂದುಕೊಟ್ರು. ಮೆಮೊ ಹಾಕ್ತಿದ್ದೀನಿ.”

ತಲೆಬರಹ ಓದುತ್ತೀರಿ. ಮುಚ್ಚಳಿಕೆ ಪತ್ರ.

ಅಂಗೈ ತಣ್ಣಗಾಗುತ್ತದೆ. ಸೆಕೆಯ ಈ ಕಾರಿಡಾರಿನಲ್ಲಿ, ಇಷ್ಟು ಜನರ ನಡುವೆ, ಬೆರಳ ತುದಿ ಮಾತ್ರ ನೀರಿನಲ್ಲಿ ಅದ್ದಿ ತೆಗೆದಂತೆ. 2018ರ ವೇತನ ಪರಿಷ್ಕರಣೆಯ ಹೊತ್ತಿನ ಕಾಗದ. ಹೆಚ್ಚು ಪಾವತಿಯಾಗಿದೆ ಎಂದು ಮುಂದೆ ಕಂಡುಬಂದರೆ ಹಿಂದಿರುಗಿಸಲು ಬದ್ಧನಾಗಿರುತ್ತೇನೆ. ಕೆಳಗೆ ರುಜು. ಹೆಸರಿನ ಕೊನೆಯ ಅಕ್ಷರಕ್ಕೆ ಬಾಲದಂಥ ಸುರುಳಿ. ಅದೇ ಸುರುಳಿ ನಿಮ್ಮ ವಕಾಲತ್ತಿನ ಮೇಲೂ ಇದೆ.

ಈ ಹಾಳೆಗೆ ಏನು ಬಲವಿದೆ ಎಂಬುದು ನಿಮಗೆ ಗೊತ್ತು. 2016ರ ಜುಲೈ 29ರಂದು ಜಗದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪರಿಷ್ಕೃತ ವೇತನ ಒಪ್ಪಿಕೊಳ್ಳುವಾಗಲೇ ಹಿಂದಿರುಗಿಸುವ ಮುಚ್ಚಳಿಕೆ ಬರೆದುಕೊಟ್ಟಿದ್ದರೆ, ನಿವೃತ್ತನಾದೆ ಎಂಬ ಕಾರಣಕ್ಕೆ ವಸೂಲಿ ನಿಲ್ಲುವುದಿಲ್ಲ. ನಿಮ್ಮ ಹತ್ತು ನಿಮಿಷದ ವಾದ ಈ ಒಂದು ಹಾಳೆಯ ಕೆಳಗೆ ಸಿಕ್ಕಿಕೊಂಡಿದೆ.

ಯಜಮಾನರನ್ನು ಹೊರಗೆ ಕರೆಯುತ್ತೀರಿ. ಹಾಳೆ ತೋರಿಸುತ್ತೀರಿ. ಅವರು ತಲೆ ತುಸು ಹಿಂದಕ್ಕೆ ಎಳೆದು ನೋಡುತ್ತಾರೆ, ಓದುವುದಿಲ್ಲ, ರುಜು ಮಾತ್ರ ನೋಡುತ್ತಾರೆ.

“ನಮ್ಮ ಕಚೇರಿಲಿ ಸಾಲಾಗಿ ಎಲ್ರಿಗೂ ಕೊಟ್ಟಿದ್ರು ಸಾರ್. ಇಂಟು ಮಾರ್ಕ್ ಹಾಕಿದ ಜಾಗದಲ್ಲಿ ಸೈನ್ ಮಾಡು ಅಂದ್ರು. ಮಾಡ್ದೆ. ತಪ್ಪಾಯ್ತಾ?”

ಈಗ ನೋಡುತ್ತೀರಿ. ರುಜುವಿನ ಎಡಕ್ಕೆ, ನೊಣದ ಕಾಲಿನಷ್ಟು ತೆಳ್ಳಗೆ, ಜೆರಾಕ್ಸಿನಲ್ಲೂ ಉಳಿದುಬಂದ ಪೆನ್ಸಿಲಿನ ಇಂಟು ಮಾರ್ಕ್.

ಅವರ ಮುಖ ನಿಮ್ಮ ಮುಖಕ್ಕೆ ಒಂದು ಗೇಣು ದೂರದಲ್ಲಿದೆ. ಬಾಯಿಂದ ಎಲೆ ಅಡಿಕೆಯ ವಾಸನೆ. ಒಂದು ಮಾತು ನಿಮ್ಮ ನಾಲಗೆಯ ತುದಿಗೆ ಬರುತ್ತದೆ, ಬಂದದ್ದಕ್ಕೆ ನಿಮಗೇ ನಾಚಿಕೆಯಾಗುತ್ತದೆ. ‘ನನ್ನದಲ್ಲ ಅನ್ನಿ’ ಎಂದರೆ ಸಾಕು, ಈ ಮನುಷ್ಯ ಹಾಗೇ ಅನ್ನುತ್ತಾರೆ. ಸಾಹೇಬರು ಹೇಳಿದ್ದನ್ನು ಮಾಡಿಯೇ 34 ವರ್ಷ ಕಳೆದವರು. ಮೂಲ ದಾಖಲೆ ತರಿಸಿ ಎನ್ನಬಹುದು, ಅಕ್ಷರ ಪರೀಕ್ಷೆ ಎನ್ನಬಹುದು, ಕೇಸು ಎರಡು ವರ್ಷ ಎಳೆಯಬಹುದು. ನೀವು ಆ ಮಾತನ್ನು ನುಂಗುತ್ತೀರಿ. ಒಣಗಿದ ಗಂಟಲಲ್ಲಿ ಅದು ಕಡುಬಿನ ತುಂಡಿನಂತೆ ಸಿಕ್ಕಿಕೊಂಡು ಇಳಿಯುತ್ತದೆ.

ಇನ್ನೊಂದು ದಾರಿಗೆ ಮಾನ ಇದೆ. ಸಮಯ ಕೇಳುವುದು. ಹೊಸ ದಾಖಲೆ ಬಂದಿದೆ, ಉತ್ತರ ಸಲ್ಲಿಸುತ್ತೇವೆ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಮನೆಗೆ ಹೋಗಿ ತೀರ್ಪುಗಳನ್ನು ಮತ್ತೆ ಓದಬಹುದು. ಆದರೆ ನಿಮ್ಮ ಕಚೇರಿಯ ಕಪಾಟಿನ ಮೂರನೆಯ ಅರೆ ಕಣ್ಣಿಗೆ ಬರುತ್ತದೆ. ಅಲ್ಲಿರುವ ಕಟ್ಟುಗಳಲ್ಲಿ ಅರ್ಜಿದಾರರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಸೇರಿಸಿದ ಪದಗಳಿವೆ: ಮೃತ, ವಾರಸುದಾರರ ಮೂಲಕ. ಬೇರೆ ವಕೀಲರು ಆಸ್ತಿಗೆ, ಜಾಮೀನಿಗೆ ಹೋರಾಡುತ್ತಾರೆ. ಪಿಂಚಣಿ ವಕೀಲ ಕೇಳುವ ಒಂದೊಂದು ಮುಂದೂಡಿಕೆಯೂ ಕಕ್ಷಿದಾರರ ಉಳಿದ ಆಯುಷ್ಯದಿಂದ ಕಡಿತವಾಗುತ್ತದೆ. ಯಜಮಾನರ ಎದೆಯ ಸಿಳ್ಳೆ ಇನ್ನೂ ನಿಂತಿಲ್ಲ.

“ಐಟಂ ನಲವತ್ತೇಳು!”

ದಫೇದಾರರ ಕೂಗು. ನಿಮ್ಮ ಕಾಲು ನಿಮಗಿಂತ ಮೊದಲು ಒಳಗೆ ಹೋಗುತ್ತದೆ.

ಪೀಠದಲ್ಲಿ ಇಬ್ಬರು, ಒಬ್ಬರು ನ್ಯಾಯಾಂಗ ಸದಸ್ಯರು, ಒಬ್ಬರು ಆಡಳಿತ ಸದಸ್ಯರು. ಸರ್ಕಾರಿ ವಕೀಲರು ಮೆಮೊ ಸಲ್ಲಿಸುತ್ತಾರೆ. ಹಾಳೆ ಪೀಠಕ್ಕೆ ಏರುತ್ತದೆ. ಫ್ಯಾನಿನ ಕೆಳಗೆ ಅದರ ಒಂದು ಮೂಲೆ ಎದ್ದೆದ್ದು ಬೀಳುತ್ತದೆ. ಓದುತ್ತಿದ್ದಾರೆ. ನಿಮ್ಮ ಎದೆಬಡಿತ ಕಿವಿಯಲ್ಲಿ ಕೇಳುತ್ತಿದೆ.

“ಈ ರುಜು ಅರ್ಜಿದಾರರದ್ದೇ?”

ನೀವು ಬಾಯಿ ತೆರೆಯುತ್ತೀರಿ. ಹಿಂದೆ ಬೆಂಚು ಕಿರುಗುಟ್ಟುತ್ತದೆ.

“ನಂದೇ ಸಾರ್.”

ಇಡೀ ಹಾಲು ತಿರುಗುತ್ತದೆ. ಅವರು ಎದ್ದು ನಿಂತಿದ್ದಾರೆ, ಕೈ ಎರಡೂ ಪಕ್ಕಕ್ಕೆ, ಬೆನ್ನು ನೆಟ್ಟಗೆ. ಮೇಲಿನವರು ಕೇಳಿದ್ದಾರೆ, ಜವಾನ ಉತ್ತರ ಕೊಟ್ಟಿದ್ದಾನೆ. ದಫೇದಾರರು ಕೂರಿ ಎಂದು ಕೈ ಬೀಸುತ್ತಾರೆ. ಯಾರೋ ಕಿಸಕ್ಕೆಂದದ್ದು ಕೇಳುತ್ತದೆ. ನಿಮ್ಮ ಕಿವಿ ಬಿಸಿಯಾಗುತ್ತದೆ. ಸಮಯ ಕೇಳಬಹುದಾಗಿದ್ದ ಕ್ಷಣವೂ ಮುಗಿದುಹೋಗಿದೆ.

“ಹಾಗಾದರೆ ಇನ್ನೇನು ಉಳಿಯಿತು ವಕೀಲರೇ?”

ಏನು ಉಳಿಯಿತು? ನಿಮ್ಮ ಕೈಯಲ್ಲಿ ನಿಮ್ಮ ಪ್ರತಿ ಇದೆ. ಅದರತ್ತ ನೋಡುತ್ತೀರಿ. ಕಾರಿಡಾರಿನಲ್ಲಿ ನೀವು ಈ ಹಾಳೆಯನ್ನು ಓದಲಿಲ್ಲ ಎಂಬುದು ಈಗ ಹೊಳೆಯುತ್ತದೆ. ತಲೆಬರಹ ನೋಡಿದಿರಿ, ರುಜು ನೋಡಿದಿರಿ, ಹೆದರಿದಿರಿ. ಯಜಮಾನರು ಮಾಡಿದ್ದೂ ಅಷ್ಟೇ. ಈಗ ಓದುತ್ತೀರಿ, ಪೀಠವನ್ನು ಕಾಯಿಸಿ, ಒಂದೊಂದೇ ಪದ. ಎರಡು ಸೆಕೆಂಡು. ಮೂರು. ಸರ್ಕಾರಿ ವಕೀಲರು ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾಲ್ಕು.

ಸದರಿ.

ನಮ್ಮ ಕಚೇರಿಗಳ ಅತ್ಯಂತ ಸವೆದ ಪದ. ಸದರಿಯವರು, ಸದರಿ ವಿಷಯ, ಸದರಿ ಜಮೀನು. ಕಣ್ಣು ಅದನ್ನು ಕಲ್ಲು ದಾಟಿದ ಹಾಗೆ ದಾಟಿ ಹೋಗುತ್ತದೆ. ಇಲ್ಲಿ ಬರೆದಿರುವುದು: “ಸದರಿ ವೇತನ ನಿಗದಿಯಲ್ಲಿ ಹೆಚ್ಚು ಪಾವತಿಯಾಗಿರುವುದು ಕಂಡುಬಂದಲ್ಲಿ.”

“ಮೈ ಲಾರ್ಡ್, ರುಜು ಒಪ್ಪುತ್ತೇವೆ. ಒಕ್ಕಣೆಯನ್ನೂ ಒಪ್ಪುತ್ತೇವೆ. ಎರಡನೆಯ ಸಾಲಿನ ಮೊದಲ ಪದವನ್ನು ದಯವಿಟ್ಟು ನೋಡಬೇಕು.”

ನಿಮ್ಮ ದನಿ ನಿಮಗೇ ಅಪರಿಚಿತ. ಮಾತು ಓಡತೊಡಗುತ್ತದೆ. ಸದರಿ ವೇತನ ನಿಗದಿ ಎಂದರೆ ಯಾವುದು? ಮೇಲಿನ ಸಾಲು ಹೇಳುವ 2018ರ ನಿಗದಿ. ಇಲಾಖೆ ಹಿಡಿದ ತಪ್ಪು ಯಾವ ವರ್ಷದ್ದು? 2003ರದ್ದು. ಹದಿನೈದು ವರ್ಷ ಮೊದಲಿನದ್ದು. ತಪ್ಪು 2018ರಲ್ಲಿ ಆಗಿಲ್ಲ, 2018ರೊಳಗೆ ನಡೆದು ಬಂದಿದೆ ಅಷ್ಟೇ. ಅದಕ್ಕೆ ಈತ ಮಾತು ಕೊಟ್ಟಿಲ್ಲ. ಇನ್ನು ಜಗದೇವ್ ಸಿಂಗ್ ಪ್ರಕರಣ. ಅಲ್ಲಿ ಮುಚ್ಚಳಿಕೆ ಕೊಟ್ಟಿದ್ದವರು ಒಬ್ಬ ನ್ಯಾಯಾಧೀಶರು. ಓದಿ, ತಿಳಿದು, ಸಹಿ ಮಾಡಬಲ್ಲವರು. ಆ ತೀರ್ಪು ಮುರಿದದ್ದು ರಫೀಕ್ ಮಸೀಹ್ ಪಟ್ಟಿಯ ಎರಡನೆಯ ಅಂಶವನ್ನು, ಅಂದರೆ ನಿವೃತ್ತರ ರಕ್ಷಣೆಯನ್ನು. ಒಂದನೆಯದು ಹಾಗೇ ಇದೆ: ‘ಡಿ’ ದರ್ಜೆ. ಮೂರನೆಯದು ಹಾಗೇ ಇದೆ: ಐದು ವರ್ಷ. ಇಲ್ಲಿ ಹದಿನೆಂಟು!

ಆಡಳಿತ ಸದಸ್ಯರು ಕನ್ನಡಕ ತೆಗೆಯುತ್ತಾರೆ. “ಆದರೂ ಇದು ಜನರ ತೆರಿಗೆ ಹಣ ಅಲ್ಲವೇ?”

ಸರ್ಕಾರಿ ವಕೀಲರು ತಕ್ಷಣ ಎದ್ದು 2012ರ ಚಂಡಿ ಪ್ರಸಾದ್ ಉನಿಯಾಲ್ ತೀರ್ಪಿನ ಹೆಸರು ಹೇಳುತ್ತಾರೆ. ನ್ಯಾಯವಾದ ಪ್ರಶ್ನೆ, ನಿಮಗೆ ಗೊತ್ತು. ಹೆಚ್ಚು ಬಂದ ಹಣ ಯಾರಪ್ಪನದೂ ಅಲ್ಲ. ಅದನ್ನು ಹಕ್ಕು ಎಂದು ಕೇಳಿದರೆ ಸೋಲುತ್ತೀರಿ. ಹಾಗಾಗಿ ದನಿ ಇಳಿಸುತ್ತೀರಿ.

“ಹಕ್ಕು ಅನ್ನುತ್ತಿಲ್ಲ ಮೈ ಲಾರ್ಡ್. 2022ರಲ್ಲಿ ಥಾಮಸ್ ಡೇನಿಯಲ್ ಪ್ರಕರಣದಲ್ಲಿ, ಕೇರಳದ ನಿವೃತ್ತ ಮೇಷ್ಟ್ರೊಬ್ಬರ ವಿಷಯದಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ವಸೂಲಿ ನಿಲ್ಲಿಸುವುದು ಹಕ್ಕಿದೆಯೆಂದಲ್ಲ, ಕಷ್ಟ ತಪ್ಪಿಸಲಿಕ್ಕೆ. ಜವಾನ ತಿಂಗಳ ಸಂಬಳವನ್ನು ತಿಂಗಳಲ್ಲೇ ಉಣ್ಣುತ್ತಾನೆ. ಈ ದುಡ್ಡು ಯಾವುದೋ ಪೆಟ್ಟಿಗೆಯಲ್ಲಿಲ್ಲ. 2003ರ ಅಕ್ಕಿಯನ್ನು 2022ರಲ್ಲಿ ಎಲ್ಲಿಂದ ತಂದುಕೊಡಬೇಕು?”

ಮೌನ. ಮೇಲೆ ಫ್ಯಾನು. ಪೀಠದ ಇಬ್ಬರೂ ತಲೆ ಹತ್ತಿರ ತಂದು ಪಿಸುಗುಡುತ್ತಾರೆ. ಮೇಜಿನಂಚು ಹಿಡಿದ ನಿಮ್ಮ ಬೆರಳ ಗೆಣ್ಣು ಬೆಳ್ಳಗಾಗಿದೆ. ಕಿಟಕಿಯಾಚೆ ಪಾರಿವಾಳವೊಂದು ಗುಟುರುತ್ತಿದೆ. ಅದರ ಒಂದೊಂದು ಗುಟುರನ್ನೂ ನೀವು ಎಣಿಸುತ್ತಿದ್ದೀರಿ ಎಂಬುದು ಹನ್ನೊಂದಕ್ಕೆ ಬಂದಾಗ ಗೊತ್ತಾಗುತ್ತದೆ.

ನ್ಯಾಯಾಂಗ ಸದಸ್ಯರು ಸ್ಟೆನೊ ಕಡೆ ತಿರುಗುತ್ತಾರೆ. ಆದೇಶ ಬರೆಸತೊಡಗುತ್ತಾರೆ. ಇಂಗ್ಲಿಷಿನ ಉದ್ದ ವಾಕ್ಯಗಳ ನಡುವೆ ನೀವು ಒಂದೇ ಕ್ರಿಯಾಪದಕ್ಕೆ ಕಾಯುತ್ತೀರಿ, ಕೆರೆಯ ಏರಿ ಮೇಲೆ ಗಾಳಕ್ಕೆ ಕಾಯುವವನ ಹಾಗೆ. ಬರುತ್ತದೆ. ವಸೂಲಿ ಆದೇಶ ರದ್ದು. ತಡೆಹಿಡಿದ ಗ್ರಾಚ್ಯುಟಿ ಮೂರು ತಿಂಗಳಲ್ಲಿ ಬಿಡುಗಡೆ. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಇನ್ನೊಂದು ಸಾಲು: ವೇತನವನ್ನು ಸರಿಪಡಿಸಿ ಪಿಂಚಣಿಯನ್ನು ಮರುನಿಗದಿ ಮಾಡಲು ಇಲಾಖೆ ಸ್ವತಂತ್ರ.

ಇದೂ ಕಾನೂನೇ. ತಿಂದ ಹಣ ಕಕ್ಕಿಸಬಾರದು. ಹಾಗೆಂದು ತಪ್ಪು ಮುಂದುವರಿಯಲೂಬಾರದು. 71,840 ಉಳಿಯಿತು. ತಿಂಗಳ ಪಿಂಚಣಿಯಲ್ಲಿ ಸುಮಾರು 250 ರೂಪಾಯಿ ಹೋಯಿತು, ಬದುಕಿರುವಷ್ಟು ದಿನ.

ಕಾರಿಡಾರಿನಲ್ಲಿ ಯಜಮಾನರು ಗೋಡೆಗೆ ಒರಗಿ ನಿಂತಿದ್ದಾರೆ. ಮೊದಲ ಅರ್ಧ ಹೇಳುತ್ತೀರಿ, ಅವರ ಕಣ್ಣು ತುಂಬುತ್ತದೆ. ಎರಡನೆಯ ಅರ್ಧವನ್ನು ನಾಳೆ ಫೋನಿನಲ್ಲಿ ಹೇಳಿದರಾಯಿತು ಅನ್ನಿಸುತ್ತದೆ. ಊರಿಗೆ ಹೋಗುವ ಬಸ್ಸಿನಲ್ಲಿ ಐದು ಗಂಟೆಯಾದರೂ ನೆಮ್ಮದಿಯಾಗಿ ಕೂರಲಿ. ಆದರೆ ಅರ್ಧ ಮಾತು ಕೇಳಿಸಿಕೊಂಡೇ ಅವರು ಇಲ್ಲಿಯವರೆಗೆ ಬಂದದ್ದು. ಹೇಳುತ್ತೀರಿ.

ಅವರು ಬೆರಳು ಮಡಿಚಿ ಲೆಕ್ಕ ಹಾಕುತ್ತಾರೆ. ತುಟಿ ಅಲುಗುತ್ತದೆ.

“ತಪ್ಪು ಅಂದ್ಮೇಲೆ ತಪ್ಪೇ ಬಿಡಿ ಸಾರ್. ಮೋಲ್ಡ್ ಆಗ್ತತಲ್ಲ.”

ಇನ್ನೊಂದು ಕೆಲಸ ಉಳಿದಿದೆ. ನ್ಯಾಯಮಂಡಳಿಯ ಆದೇಶವನ್ನು ಇಲಾಖೆ ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಪ್ರಶ್ನಿಸಬಹುದು. ನಮ್ಮನ್ನು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂದು ಮೊದಲೇ ಕೇವಿಯಟ್ ಹಾಕಿಡಬೇಕು. ಅದಕ್ಕೆ ಹೊಸ ವಕಾಲತ್ತು. ಬ್ಯಾಗಿನಿಂದ ಅಚ್ಚಾದ ಹಾಳೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಡುತ್ತೀರಿ. ಕೋಟಿನ ಜೇಬಿನಿಂದ ಪೆನ್ಸಿಲು ಬೆರಳಿಗೆ ಬರುತ್ತದೆ, ತಾನಾಗಿಯೇ ಹಾಳೆಯ ಕೆಳಗಿನ ಎಡಮೂಲೆಗೆ ಹೋಗುತ್ತದೆ. ಇಂಟು ಮಾರ್ಕಿನ ಮೊದಲ ಗೀಟು ಎಳೆದಾಗಿದೆ.

ಕೈ ಅಲ್ಲೇ ನಿಲ್ಲುತ್ತದೆ.

ಮೂರು ವರ್ಷದ ಹಿಂದಿನ ವಕಾಲತ್ತು ನೆನಪಾಗುತ್ತದೆ. ನಿಮ್ಮ ಮೇಜು, ನಿಮ್ಮ ಪೆನ್ಸಿಲು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಇಲ್ಲಿ ಒಂದು ಸೈನ್ ಹಾಕಿ ಯಜಮಾನ್ರೇ ಎಂದಿದ್ದಿರಿ. ಅವರು ಹಾಕಿದ್ದರು.

ಪೆನ್ಸಿಲನ್ನು ಜೇಬಿಗೆ ಹಾಕಿಕೊಳ್ಳುತ್ತೀರಿ. ಹಾಳೆಯನ್ನು ಅವರ ಕಡೆ ತಿರುಗಿಸುತ್ತೀರಿ. “ಓದಿ ಸೈನ್ ಹಾಕಿ.”

“ನೀವು ಹೇಳಿದ್ಮೇಲೆ ಓದೋದೇನು ಸಾರ್…”

“ಓದಿ.”

ಅವರು ಕಟ್ಟನ್ನು ನಿಮ್ಮ ಕೈಗೆ ಕೊಡುತ್ತಾರೆ, ಬೆಳಗಿನಿಂದ ಮೊದಲ ಸಲ. ನೀವು ಅಂದುಕೊಂಡದ್ದಕ್ಕಿಂತ ಭಾರವಿದೆ. ಜೇಬಿನಿಂದ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಳ್ಳುತ್ತಾರೆ. ತೋರುಬೆರಳು ಮೊದಲ ಸಾಲಿನ ಕೆಳಗೆ ಕೂರುತ್ತದೆ. ತುಟಿಯೊಳಗೇ ಓದು, ಶಾಲೆಯ ಹುಡುಗನ ಹಾಗೆ ಅಕ್ಷರ ಕೂಡಿಸುತ್ತ. ಪಕ್ಕದಲ್ಲಿ ಜನ ಮೈ ತಾಗಿಸಿಕೊಂಡು ಓಡಾಡುತ್ತಾರೆ. ಒಳಗೆ ದಫೇದಾರರು ಅರವತ್ತೆರಡನ್ನು ಕೂಗುತ್ತಾರೆ. ಹಸಿವು ಈಗ ಹೊಟ್ಟೆಯನ್ನು ಹಿಂಡುತ್ತಿದೆ. ನೀವು ಕಟ್ಟನ್ನು ಎದೆಗೊತ್ತಿಕೊಂಡು, ಎಡಗೈ ಕೆಳಗೆ, ಬಲಗೈ ಮೇಲೆ, ಕಾಯುತ್ತೀರಿ.

ನಾಲ್ಕನೆಯ ಸಾಲಿನಲ್ಲಿ ಬೆರಳು ನಿಲ್ಲುತ್ತದೆ.

“ಸಾರ್, ‘ಸದರಿ ವಕೀಲರು ಮಾಡುವ ಸಕಲ ಕಾರ್ಯಗಳಿಗೂ ನಾನು ಬದ್ಧನಾಗಿರುತ್ತೇನೆ’ ಅಂತ ಐತೆ. ಇಲ್ಲಿ ಸದರಿ ಅಂದ್ರೆ ನೀವೇ ಅಲ್ವಾ?”